ಮದ್ದಿಗೆ ಬಗ್ಗದ ನಂಜು

ನಮ್ಮ ನಡುಮನೆಯ ಗೋಡೆಗೂಡಿನಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಬಹುಕಾಲ ಇದ್ದಿತು. ಅದರೊಳಗೆ ಬಿಸ್ಕತ್ತನ್ನು ಕಂಡ ನೆನಪು ಮನೆಯಲ್ಲಿ ಯಾರಿಗೂ ಇಲ್ಲ, ಇದ್ದವು ಮಾತ್ರೆಗಳು. ಮಗನ ಜ್ವರಕ್ಕೆಂದು ತಂದು, ಜ್ವರ ಬಿಟ್ಟೊಡನೆ ಉಳಿಸಿದ ನಾಲ್ಕು. ನನ್ನ ಹಲ್ಲುನೋವಿಗೆಂದು ತಂದು, ಹಲ್ಲನ್ನೇ ಕೀಳಿಸಿದ ಮೇಲೆ ಉಳಿದ ಆರು. ಬೆಂಗಳೂರಿನ ನೆಂಟರು 'ಇರಲಿ, ಒಳ್ಳೆಯ ಕಂಪನಿಯದು' ಎಂದು ಬಿಟ್ಟುಹೋದ ಒಂದು ಪಟ್ಟಿ. ಹೀಗೆ ಅದು ತುಂಬುತ್ತಲೇ ಇತ್ತು. ಮಗ್ಗೆಯ ಸುತ್ತಿನ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೆ ಮಿಕ್ಕಿ ಮೇಷ್ಟರಾಗಿದ್ದವನು ನಾನು. ಹಳ್ಳಿಯಲ್ಲಿ ಮೇಷ್ಟರೆಂದರೆ ಅರ್ಜಿ ಬರೆದುಕೊಡುವವನು, ಬ್ಯಾಂಕಿನ ಕಾಗದ ಓದಿ ಹೇಳುವವನು, ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ನಡುವೆ ಕೂರುವವನು. ಜಡಿಮಳೆಯಲ್ಲಿ ಬಸ್ಸು ನಿಂತು ಆಲೂರಿಗೂ ಸಕಲೇಶಪುರಕ್ಕೂ ಹೋಗಲಾಗದ ದಿನಗಳಲ್ಲಿ ಅವನೇ ವೈದ್ಯನೂ ಹೌದು. ಕಂಬಳಿ ಕೊಪ್ಪೆ ಹೊದ್ದು ಬಾಗಿಲಿಗೆ ಬಂದವರಿಗೆ ನಾನು ಡಬ್ಬಿ ತೆಗೆದು, ಮಾತ್ರೆಯ ಹಿಂಬದಿಯ ಇಂಗ್ಲಿಷನ್ನು ಕನ್ನಡಕವೇರಿಸಿ ಓದಿ, ಎರಡೋ ಮೂರೋ ಕತ್ತರಿಸಿ ಕೊಡುತ್ತಿದ್ದೆ. ಕೊಟ್ಟವನಿಗೆ ಪುಣ್ಯ, ಕೊಂಡವನಿಗೆ ಆರಾಮ. ನನ್ನ ಕೈಯಿಂದ ಯಾರಿಗೂ ಕೇಡಾಗಿಲ್ಲವೆಂದು ಈಚಿನವರೆಗೂ ನಂಬಿದ್ದೆ.

ಈ ಪುರಾಣವನ್ನು ಹೇಳಲು ಕಾರಣವಿದೆ. ಪ್ರತಿಜೀವಕ ಔಷಧಗಳಿಗೆ ಬಗ್ಗದ ಸೋಂಕುಗಳ ವಿಷಯದಲ್ಲಿ ವೈದ್ಯರಿಗೆ, ದಾದಿಯರಿಗೆ, ಔಷಧದ ಅಂಗಡಿಯವರಿಗೆ ಎಷ್ಟು ತಿಳಿವಳಿಕೆಯಿದೆ ಎಂಬ ಪ್ರಶ್ನೆ ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಪ್ರಶ್ನಾವಳಿ ಹಂಚಿ, ಉತ್ತರಕ್ಕೆ ಅಂಕ ಹಾಕಿ, ಅರಿವನ್ನು ಅಳೆಯುವುದುಂಟು. ಪ್ರತಿವರ್ಷ ನವೆಂಬರ್ 18ರಿಂದ 24ರವರೆಗೆ ಲೋಕವೆಲ್ಲ ಇದಕ್ಕಾಗಿ ಒಂದು ಸಪ್ತಾಹವನ್ನು ಆಚರಿಸುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವೈದ್ಯರಿಗೆ ತಿಳಿಯದೆಂಬುದು ನಿಜವಲ್ಲ. ಅವರಿಗೆ ತಿಳಿದದ್ದು ಅವರಿಂದ ಕೆಳಗಿಳಿದು ಬರುತ್ತಿಲ್ಲ. ಬರುವುದಕ್ಕೆ ದಾರಿಯನ್ನೂ ನಾವು ಮಾಡಿಲ್ಲ, ಮಾತನ್ನೂ ಮಾಡಿಲ್ಲ.

ನನ್ನ ಅಕ್ಕನ ವಿಷಯ. ಎಪ್ಪತ್ತು ದಾಟಿದ ಜೀವ, ಸಕ್ಕರೆ ಕಾಯಿಲೆ ಬೇರೆ. 2022ರಲ್ಲಿ ಅವಳಿಗೆ ಉರಿಮೂತ್ರ ಕಾಣಿಸಿಕೊಂಡಿತು. ವೈದ್ಯರೊಬ್ಬರು ಚೀಟಿ ಬರೆದುಕೊಟ್ಟರು. ಮಾತ್ರೆಯಿಂದ ಗುಣವೂ ಆಯಿತು. ಮೂರನೆಯ ದಿನಕ್ಕೆ ಉರಿ ನಿಂತದ್ದರಿಂದ ಅಕ್ಕ ಉಳಿದದ್ದನ್ನು ಎತ್ತಿಟ್ಟಳು. ಎರಡು ತಿಂಗಳಿಗೆ ಮತ್ತೆ ಬಂತು. ಈ ಸಲ ಚೀಟಿ ಬರೆಯಿಸುವ ಗೋಜಿಗೆ ಹೋದವರು ಯಾರು? ಹಳೆಯ ಚೀಟಿಯನ್ನೇ ಜೇಬಿನಲ್ಲಿಟ್ಟುಕೊಂಡು ನಾನು ಪೇಟೆಯ ಅಂಗಡಿಗೆ ಹೋದೆ. ಹುಡುಗ ಅದನ್ನು ನೋಡಲೂ ಇಲ್ಲ, ಪಟ್ಟಿಯನ್ನು ಕತ್ತರಿಸಿ ಕೊಟ್ಟ. ಆ ವರ್ಷದಲ್ಲಿ ಹೀಗೆ ಐದು ಸಲವಾಯಿತು. ಪ್ರತಿಸಲವೂ ಮೂರು ದಿನ, ಪ್ರತಿಸಲವೂ ಅದೇ ಮಾತ್ರೆ. ಕೊನೆಯ ಸಲ ಉರಿ ನಿಲ್ಲಲಿಲ್ಲ. ಒಂದು ರಾತ್ರಿ ಹಲ್ಲು ಕಟಕಟಿಸುವಂಥ ಚಳಿ ಹಿಡಿದು, ಮಾತು ತೊದಲಿ, ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಹಾಸನಕ್ಕೆ ಓಡಿದೆವು. ನಂಜು ರಕ್ತಕ್ಕೆ ಏರಿತ್ತು.

ಅಲ್ಲಿ ಮೂತ್ರವನ್ನು ಪರೀಕ್ಷೆಗೆ ಕೊಟ್ಟರು. ರೋಗಾಣುವನ್ನು ಬೆಳೆಯಿಸಿ, ಯಾವ ಔಷಧಕ್ಕೆ ಅದು ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ನೋಡುವ ಪರೀಕ್ಷೆ. ಎರಡು ಮೂರು ದಿನ ಹಿಡಿಯುತ್ತದೆ. ಬಂದ ಕಾಗದದಲ್ಲಿ ಹದಿನೈದಕ್ಕೂ ಮೇಲ್ಪಟ್ಟು ಔಷಧಗಳ ಹೆಸರು, ಒಂದೊಂದರ ಮುಂದೆಯೂ ಒಂದೊಂದು ಅಕ್ಷರ. 'ಎಸ್' ಎಂದಿದ್ದರೆ ರೋಗಾಣು ಬಗ್ಗುತ್ತದೆ. 'ಆರ್' ಎಂದಿದ್ದರೆ ಬಗ್ಗುವುದಿಲ್ಲ. ಮಕ್ಕಳ ಅಂಕಪಟ್ಟಿಯನ್ನು ಜೀವಮಾನವೆಲ್ಲ ಬರೆದ ನನಗೆ ಆ ಪಟ್ಟಿ ಓದಲು ಯಾರ ಸಹಾಯವೂ ಬೇಕಾಗಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಆರ್, ಆರ್, ಆರ್. ಮೂರೇ ಮೂರು ಕಡೆ ಎಸ್. ರೋಗಾಣುವಿನ ಹೆಸರು ಈ. ಕೋಲೈ, ಎಲ್ಲರ ಕರುಳಿನಲ್ಲಿಯೂ ಇರುವ ಸಾಮಾನ್ಯ ಜೀವಿ, ಹುಲಿಯಲ್ಲ, ಸಿಂಹವಲ್ಲ. ಹತ್ತು ದಿನ ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟು ಅವಳನ್ನು ಉಳಿಸಿದರು. ಆ ವರ್ಷದ ಮೆಣಸಿನ ಫಸಲು ಅಷ್ಟೂ ಅದಕ್ಕೇ ಹೋಯಿತು. ಮೆಣಸು ಮುಂದಿನ ವರ್ಷವೂ ಬಿಡುತ್ತದೆ, ಅದರ ಚಿಂತೆಯಿಲ್ಲ. ಆ ಕಾಗದದ ಆರ್‌ಗಳಲ್ಲಿ ಎಷ್ಟು ನಾನು ಬರೆದದ್ದು ಎಂಬ ಯೋಚನೆ ಮಾತ್ರ ಇನ್ನೂ ಹೋಗಿಲ್ಲ.

ನನ್ನ ಶಿಷ್ಯೆಯೊಬ್ಬಳು ವೈದ್ಯಳಾಗಿ ನಮ್ಮ ಸೀಮೆಯಲ್ಲಿಯೇ ಕೆಲಸ ಮಾಡುತ್ತಾಳೆ. ಏಳನೆಯ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತು, ನನ್ನ ಸಂಧಿಗಳನ್ನು ತಿದ್ದುತ್ತಿದ್ದ ಹುಡುಗಿ. ಅಕ್ಕ ಮನೆಗೆ ಬಂದ ಮೇಲೆ ಅವಳ ಬಳಿ ಹೋಗಿ, "ನಿಮಗೆಲ್ಲ ಇದು ಗೊತ್ತಿರಲಿಲ್ಲವೇನಮ್ಮ?" ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವಳು ನಕ್ಕಳು.

"ಗೊತ್ತಿಲ್ದೆ ಏನು ಮೇಷ್ಟ್ರೆ? ಪರೀಕ್ಷೇಲಿ ಇದಕ್ಕೆ ಪುಟಗಟ್ಟಲೆ ಉತ್ತರ ಬರ್ದಿದೀನಿ. ಆದ್ರೆ ಬೆಳಿಗ್ಗೆ ಹೊರಗೆ ಎಂಬತ್ತು ಜನ ನಿಂತಿರ್ತಾರೆ. ಗಂಟಲುನೋವು ಅಂತ ಒಬ್ರು ಬಂದ್ರೆ, ಅದು ತಾನಾಗೇ ವಾಸಿಯಾಗೋ ವೈರಸ್ಸೋ, ಔಷಧ ಬೇಕಾದ ಬ್ಯಾಕ್ಟೀರಿಯವೋ ಅಂತ ತಿಳಿಯೋಕೆ ಪರೀಕ್ಷೆ ಮಾಡ್ಬೇಕು. ಮಾದರಿ ದೊಡ್ಡ ಊರಿಗೆ ಹೋಗಿ ಬರೋಹೊತ್ತಿಗೆ ಮೂರು ದಿನ. ಅವರು ತೋಟದ ಕೂಲಿ. ನಾಳೆ ಕೆಲಸಕ್ಕೆ ಹೋಗ್ದಿದ್ರೆ ಸಂಬಳ ಇಲ್ಲ. ಬರೀ ಜ್ವರದ ಮಾತ್ರೆ ಕೊಟ್ಟು ಕಳಿಸಿದ್ರೆ, 'ಆ ಡಾಕ್ಟ್ರಮ್ಮ ಏನೂ ಕೊಡಲ್ಲ' ಅಂತ ಪೇಟೆ ಅಂಗಡಿಗೆ ಹೋಗಿ ಅದನ್ನೇ ತಗೋತಾರೆ. ಅಥವಾ," ಎಂದು ಸ್ವಲ್ಪ ತಡೆದು, "ನಿಮ್ಮ ಹತ್ರ ಬರ್ತಾರೆ."

ಈ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆರೋಗ್ಯ ಸೇವೆ ಒದಗಿಸುವವರು ಎಂದು ನಾವು ಪಟ್ಟಿ ಮಾಡುವಾಗ ಡಾಕ್ಟರು, ದಾದಿ, ಆಶಾ ಕಾರ್ಯಕರ್ತೆ ಎಂದು ಎಣಿಸುತ್ತೇವೆ. ಮಾತ್ರೆ ನಿಜವಾಗಿ ಯಾವ ಯಾವ ಕೈಯಿಂದ ಜನರ ಬಾಯಿಗೆ ಬೀಳುತ್ತದೆ ಎಂದು ನೋಡಿದರೆ ಪಟ್ಟಿ ಬೇರೆಯೇ ಆಗುತ್ತದೆ: ಅಂಗಡಿಯ ಹುಡುಗ, ಎಸ್ಟೇಟಿನ ರೈಟರು, ಹೆರಿಗೆಗೆ ಹೋಗಿ ಬಂದ ಅನುಭವವಿರುವ ಅಜ್ಜಿ, ನಿವೃತ್ತ ಮೇಷ್ಟರು. ಪ್ರಶ್ನಾವಳಿ ಇವರ ಬಾಗಿಲಿಗೆ ಬರುವುದೇ ಇಲ್ಲ.

ಇಂಥದೊಂದು ತಪ್ಪೆಣಿಕೆಯನ್ನು ನಮ್ಮ ನಾಡಿನಲ್ಲಿಯೇ ಹಿಂದೊಮ್ಮೆ ಬಹಳ ಚೆನ್ನಾಗಿ ತಿದ್ದಿದ್ದರು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಹಳ್ಳಿಯ ಜನಕ್ಕೆ ಕ್ಷಯದ ಅರಿವಿಲ್ಲ, ಆದ್ದರಿಂದ ಆಸ್ಪತ್ರೆಗೆ ಬರುವುದಿಲ್ಲ, ಮೊದಲು ಅರಿವು ಮೂಡಿಸಬೇಕು ಎಂಬುದು ಆಗಿನ ಪಂಡಿತರ ಸಾಮಾನ್ಯ ನಂಬಿಕೆ. ಆ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನೇ ಕೇಳಿದರು. 1963ರಲ್ಲಿ ಅವರ ವರದಿ ಅಚ್ಚಾಯಿತು. ರೋಗದ ಲಕ್ಷಣ ಹೆಚ್ಚುಕಡಿಮೆ ಎಲ್ಲರಿಗೂ ತಿಳಿದಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಅದಕ್ಕಾಗಿ ಆಗಲೇ ವೈದ್ಯರ ಬಾಗಿಲಿಗೆ ಹೋಗಿಯೂ ಬಂದಿದ್ದರು. ಅವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಸೀಸೆ. ಅರಿವು ಯಾರಲ್ಲಿ ಇಲ್ಲವೆಂದು ಹುಡುಕಲು ಹೊರಟರೋ ಅವರಲ್ಲಿಯೇ ಇತ್ತು. ಕೊರತೆ ಇದ್ದುದು ಬಾಗಿಲಿನ ಒಳಗಡೆ. ದೇಶದ ಕ್ಷಯ ನಿಯಂತ್ರಣವನ್ನು ದೂರದ ದೊಡ್ಡ ಆಸ್ಪತ್ರೆಗಳಿಗೆ ಬಿಡದೆ ಸಾಮಾನ್ಯ ಆಸ್ಪತ್ರೆಗಳೊಳಗೇ ತರಬೇಕೆಂಬ ವಾದಕ್ಕೆ ಇಂಥ ಕೆಲಸವೇ ಬಲವಾಯಿತು. ತುಮಕೂರಿನ ಹಾಗೆ ಯಾರಾದರೂ ಇಂದು ಆಲೂರಿಗೂ ಸಕಲೇಶಪುರಕ್ಕೂ ಬಂದು ಈ ಹೊಸ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಏನು ಕಂಡಾರು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2013ರಿಂದ ಬಗ್ಗದ ರೋಗಾಣುಗಳ ಲೆಕ್ಕ ಇಡುತ್ತಿದ್ದಾರೆ, ಒಳ್ಳೆಯ ಕೆಲಸ. ಆ ಲೆಕ್ಕ ಬಹುಮಟ್ಟಿಗೆ ದೊಡ್ಡ ಆಸ್ಪತ್ರೆಗಳದು. ಮಗ್ಗೆಯ ಅಂಚಿನ ಮನೆಯೊಂದರಲ್ಲಿ ಐದು ಸಲ ಮೂರು ಮೂರು ದಿನ ನುಂಗಿದ ಮಾತ್ರೆ ಯಾವ ಪುಸ್ತಕದಲ್ಲಿಯೂ ಇಲ್ಲ.

ಎಚ್ಚರಿಕೆ ತಡವಾಗಿ ಬಂದಿತೆನ್ನಲೂ ಆಗದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ ಒಂದು ಸಣ್ಣ ಕಥೆ ಹೇಳಿದ. ಗಂಟಲುನೋವಿನವನೊಬ್ಬ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಂಡ, ಬಗ್ಗದ ರೋಗಾಣು ಹೆಂಡತಿಗೆ ಅಂಟಿತು, ಅವಳು ತೀರಿಕೊಂಡಳು. ಆ ಸಾವಿಗೆ ಹೊಣೆ ಯಾರು ಎಂದು ಅವನು ಕೇಳುತ್ತಾನೆ. ನೊಬೆಲ್ ಭಾಷಣದಲ್ಲಿ ಬಂದ ಆ ಗಂಡನನ್ನು ನಾನು ಅಕ್ಕನ ಹಾಸಿಗೆಯ ಪಕ್ಕದಲ್ಲಿ ಕುಳಿತು ಮೊದಲ ಸಲ ಗುರುತಿಸಿದೆ. ಮಾತ್ರೆ ನುಂಗಿದವಳು ಅವಳೇ ಆದರೂ, ತಂದುಕೊಟ್ಟವನು ನಾನಲ್ಲವೆ?

ಕ್ಷಯಕ್ಕೆ ಮೊದಲ ಮದ್ದಾಗಿ ಬಂದ ಸ್ಟ್ರೆಪ್ಟೊಮೈಸಿನ್ನಿನ ಕಥೆಯೂ ಹೀಗೆಯೇ. 1943ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಸೆಲ್ಮನ್ ವಾಕ್ಸ್‌ಮನ್ನನ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿಯ ಕೈಯಲ್ಲಿ ಅದು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆಯಿತು. ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗಿಗಳು ಮೊದಲ ತಿಂಗಳುಗಳಲ್ಲಿ ಬೆರಗಾಗುವಂತೆ ಚೇತರಿಸಿಕೊಂಡರು. ಆಮೇಲೆ ಬಹುಮಂದಿಯಲ್ಲಿ ರೋಗಾಣು ಆ ಮದ್ದಿಗೆ ಬಗ್ಗದಾಯಿತು. ಒಂದೇ ಔಷಧ ಸಾಲದು, ಎರಡು ಮೂರು ಕೂಡಿಸಿ ಕೊಡಬೇಕು ಎಂಬ ಪಾಠ ಅಲ್ಲಿಂದ ಬಂತು.

ಅದೇ ಸ್ಟ್ರೆಪ್ಟೊಮೈಸಿನ್ ನಮ್ಮೂರಿಗೆ ಇನ್ನೊಂದು ದಾರಿಯಿಂದಲೂ ಬಂದಿತೆಂದರೆ ವಾಚಕರು ನಂಬುತ್ತಾರೋ ಇಲ್ಲವೋ. ನಮ್ಮ ಕಡೆ ಗದ್ದೆ ಬಿಟ್ಟು ಶುಂಠಿ ಹಾಕಿದವರು ಬಹಳ. ಶುಂಠಿಗೆ ಬ್ಯಾಕ್ಟೀರಿಯದಿಂದ ಒಂದು ಸೊರಗುರೋಗ ತಗಲುತ್ತದೆ. ಬೆಳಿಗ್ಗೆ ಹಸುರಾಗಿದ್ದ ಮಡಿ ನಾಲ್ಕು ದಿನದಲ್ಲಿ ಮಲಗಿಬಿಡುತ್ತದೆ. ಸಾಲ ಮಾಡಿ ಬಿತ್ತಿದವನು ಏನು ತಾನೇ ಮಾಡಿಯಾನು? ಗೊಬ್ಬರದಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಒಂದು ಪುಡಿ ಸಿಗುತ್ತಿತ್ತು. ನೀರಿಗೆ ಬೆರಸಿ ಬಿತ್ತನೆ ಗೆಡ್ಡೆಯನ್ನು ಅದ್ದಿದರು, ಬುಡಕ್ಕೂ ಹೊಯ್ದರು. ಅದರಲ್ಲಿ ಇದ್ದುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಮಣ್ಣಿನಿಂದ ಹುಟ್ಟಿದ್ದು ಮಣ್ಣಿಗೇ ಬಂದಿತು ಎನ್ನಬಹುದು, ಆದರೆ ಬಂದ ಪರಿ ಬೇರೆ. ಬೆಳೆಗಳ ಮೇಲೆ ಈ ಜೋಡಿಯ ಬಳಕೆಯನ್ನು ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಗೊಬ್ಬರದಂಗಡಿಯವನನ್ನು ಆರೋಗ್ಯ ಸೇವಕನೆಂದು ಯಾರೂ ಕರೆಯುವುದಿಲ್ಲ. ಕೆಚ್ಚಲುಬಾವಿಗೆ ಹಸುವಿಗೆ ಚುಚ್ಚುಮದ್ದು ಕೊಡುವವನನ್ನೂ ಕರೆಯುವುದಿಲ್ಲ. ಅಳೆಯಬೇಕಾದ ಅರಿವು ಅವರದೂ ಹೌದು.

ಇನ್ನು ಮಾತಿನ ವಿಷಯ. ಸಾಹಿತ್ಯದ ಪುಟದಲ್ಲಿ ಮೂತ್ರಪರೀಕ್ಷೆಯ ಕಥೆ ಏಕೆ ಎಂದು ಹುಬ್ಬೇರಿಸಿದ್ದವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ರೋಗಾಣು ಮದ್ದಿಗೆ ಬಗ್ಗದಿರುವುದನ್ನು ನಮ್ಮ ಪತ್ರಿಕೆಗಳೂ ಸರ್ಕಾರದ ಭಿತ್ತಿಪತ್ರಗಳೂ 'ಪ್ರತಿಜೀವಕ ನಿರೋಧಕತೆ' ಎಂದು ಬರೆಯುತ್ತವೆ. ಓದಿದವನಿಗೆ ಏನು ಅರ್ಥವಾಗುತ್ತದೆ? ಕೋವಿಡ್ ಬಂದ 2020ರಿಂದ ಈಚೆಗೆ 'ರೋಗನಿರೋಧಕ ಶಕ್ತಿ' ಎಂಬ ಮಾತು ಮನೆಮನೆಯದೂ ಆಗಿದೆ. ಅದು ಹೆಚ್ಚಲೆಂದು ಕಷಾಯ ಕುಡಿದಿದ್ದೇವೆ, ನೆಲ್ಲಿಕಾಯಿ ತಿಂದಿದ್ದೇವೆ. ನಿರೋಧಕವೆಂದರೆ ಒಳ್ಳೆಯದು, ನಮ್ಮ ಮೈಯಲ್ಲಿ ಇರಬೇಕಾದದ್ದು. ಈಗ ಅದೇ ಮಾತನ್ನು ಹಿಡಿದು ಮಹಾವಿಪತ್ತಿಗೆ ಹೆಸರಿಟ್ಟರೆ, ಹಳ್ಳಿಯ ಓದುಗ ಅದನ್ನು ಶುಭವಾರ್ತೆಯೆಂದು ಓದಿದರೆ ತಪ್ಪು ಯಾರದು? 'ಪ್ರತಿಜೀವಕ'ವೂ ಅಷ್ಟೇ. ನಮ್ಮಲ್ಲಿ ಅದನ್ನು ಪವರ್ ಮಾತ್ರೆ ಎನ್ನುತ್ತಾರೆ. ಪವರ್ ಎಂದ ಮೇಲೆ ಎಲ್ಲ ನೋವಿಗೂ ಸಲ್ಲಬೇಕಷ್ಟೆ. ನೆಗಡಿಗೂ, ಸೊಂಟನೋವಿಗೂ ಕೇಳುತ್ತಾರೆ.

ಇನ್ನೊಂದು ಮಾತು ಇದಕ್ಕಿಂತ ಮೋಸದ್ದು. 'ಮದ್ದು ಮೈಗೆ ಒಗ್ಗಿಹೋಯಿತು' ಎನ್ನುತ್ತೇವೆ. ಕೇಳಲು ಸೊಗಸು, ಅರ್ಥ ತಲೆಕೆಳಗು. ಒಗ್ಗುವುದು ನಮ್ಮ ಮೈಯಲ್ಲ, ರೋಗಾಣು. ನನ್ನ ಮೈಗೆ ಒಗ್ಗಿದ್ದರೆ ಅದು ನನ್ನೊಬ್ಬನ ಕಷ್ಟ. ರೋಗಾಣುವಿಗೆ ಒಗ್ಗಿದ್ದರೆ ಅದು ನನ್ನಿಂದ ನನ್ನ ಮೊಮ್ಮಗುವಿಗೂ, ಮಗುವಿನಿಂದ ಶಾಲೆಗೂ ನಡೆದುಹೋಗುತ್ತದೆ. ಈ ಭ್ರಮೆ ನಮ್ಮ ಸೀಮೆಯದೇ ಎಂದುಕೊಳ್ಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಭಾರತವೂ ಸೇರಿ 12 ದೇಶಗಳಲ್ಲಿ ವಿಚಾರಿಸಿದಾಗ ನೂರಕ್ಕೆ 76 ಮಂದಿ ಹೀಗೆಯೇ ತಿಳಿದಿದ್ದರು.

ನನ್ನ ಶಿಷ್ಯೆ ಇದನ್ನು ಜನಕ್ಕೆ ಹೇಗೆ ಹೇಳುವುದೆಂದು ಕೇಳಿದಳು. ನಾನು ಆನೆಯನ್ನು ನೆನೆದೆ. ಆಲೂರು ಸಕಲೇಶಪುರದ ತೋಟಗಳಲ್ಲಿ ಆನೆಯ ಮಾತು ಎಲ್ಲರಿಗೂ ಗೊತ್ತಾಗುವ ಮಾತು. ಮೊದಲ ಸಲ ಪಟಾಕಿ ಹೊಡೆದಾಗ ಹಿಂಡು ದಿಕ್ಕಾಪಾಲಾಗಿ ಓಡಿತು. ಆಮೇಲಾಮೇಲೆ ದಿನಕ್ಕೊಂದು, ವಾರಕ್ಕೆರಡು ಹೊಡೆದೆವು. ಈಗ ಪಟಾಕಿ ಸಿಡಿದರೂ ಅದು ಹಲಸಿನ ಮರದ ಕೆಳಗೆ ನಿಂತು ನಿಧಾನವಾಗಿ ಹಣ್ಣು ತಿನ್ನುತ್ತದೆ. ಮಾತ್ರೆಯೂ ಪಟಾಕಿಯ ಹಾಗೆ, ಬೇಕಾದಾಗ ಬೇಕಾದಷ್ಟು, ಬೇಡದಾಗ ಒಂದೂ ಬೇಡ. ಶಿಷ್ಯೆ ಒಪ್ಪಿದಳು, ಆದರೆ ಹಳೆಯ ಚಟ ಬಿಡಲಿಲ್ಲ, ತಿದ್ದಿದಳು: ಆನೆ ಕಲಿಯುತ್ತದೆ, ರೋಗಾಣು ಕಲಿಯುವುದಿಲ್ಲ; ಲಕ್ಷದಲ್ಲಿ ಒಂದೆರಡು ಮೊದಲೇ ಗಟ್ಟಿಯಾಗಿರುತ್ತವೆ, ಮದ್ದು ಮಿಕ್ಕವನ್ನು ಕೊಂದು ಅವಕ್ಕೆ ಜಾಗ ಬಿಡಿಸಿಕೊಡುತ್ತದೆ, ಅವು ಸಂತಾನ ಬೆಳೆಸುತ್ತವೆ. ಪೈರಿನ ಜೊತೆಗೆ ಮುಳ್ಳುಕಳೆಯನ್ನಷ್ಟೇ ಉಳಿಸಿ ಗದ್ದೆ ಕಿತ್ತ ಹಾಗೆ. ಎಷ್ಟು ದಿನ ನುಂಗಬೇಕೆಂಬುದರಲ್ಲಿ ವೈದ್ಯರೊಳಗೇ ಈಗ ಚರ್ಚೆಯಿದೆಯಂತೆ; ಕೆಲವು ಸೋಂಕುಗಳಿಗೆ ಹಿಂದೆ ಬರೆಯುತ್ತಿದ್ದಷ್ಟು ದಿನ ಬೇಡವೆಂದು ತಿಳಿದುಬಂದಿದೆ. ಆ ಲೆಕ್ಕವನ್ನು ಹೇಳಬೇಕಾದವರು ಅವರು. ನನ್ನ ಅಕ್ಕನೂ ಅಲ್ಲ, ನಾನೂ ಅಲ್ಲ.

ಕಾನೂನು ಇಲ್ಲವೆ? ಇದೆ. 2014ರ ಮಾರ್ಚಿನಿಂದ ಎಚ್-1 ಎಂಬ ಅನುಸೂಚಿ ಜಾರಿಯಲ್ಲಿದೆ. ಅದರಲ್ಲಿರುವ ಔಷಧವನ್ನು ಚೀಟಿಯಿಲ್ಲದೆ ಮಾರಕೂಡದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಪಟ್ಟಿಯ ಮೇಲಿನ ಕೆಂಪುಗೆರೆಯನ್ನು ಗಮನಿಸಿರೆಂದು 2016ರಲ್ಲಿ ಸರ್ಕಾರ ಪ್ರಚಾರ ಮಾಡಿತು. ನಾನು ಡಬ್ಬಿ ತೆಗೆದು ನೋಡಿದೆ. ನಿಜ, ಗೆರೆ ಇದೆ. ಅಷ್ಟು ವರ್ಷ ಕತ್ತರಿಸುವಾಗ ಅದನ್ನು ಕಂಪನಿಯ ಅಲಂಕಾರವೆಂದುಕೊಂಡಿದ್ದೆ. ವೈದ್ಯರು ಪ್ರತಿಜೀವಕ ಬರೆಯುವಾಗ ಕಾರಣವನ್ನೂ ಚೀಟಿಯಲ್ಲಿ ಬರೆಯಬೇಕೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಪತ್ರ ಬರೆದು ಕೋರಿತು. ಅದೇ ತಿಂಗಳು ನೆರೆಯ ಕೇರಳ 'ಆಪರೇಷನ್ ಅಮೃತ್' ಎಂಬ ಹೆಸರಿನಲ್ಲಿ ಚೀಟಿಯಿಲ್ಲದ ಮಾರಾಟದ ಮೇಲೆ ಅಂಗಡಿ ಅಂಗಡಿಗೆ ಹೋಗಿ ಕಣ್ಣಿಟ್ಟಿತು. ಕೇರಳ ಮಾಡಬಲ್ಲದ್ದನ್ನು ನಾವು ಮಾಡಲಾರೆವೆಂದು ನನಗೆ ತೋರುವುದಿಲ್ಲ. ಆದರೆ ಅಂಗಡಿಯ ಬಾಗಿಲನ್ನಷ್ಟೇ ಬಿಗಿದು, ಊರಿಗೆ ಹತ್ತಿರದಲ್ಲಿ ಒಂದು ಪ್ರಯೋಗಶಾಲೆಯನ್ನೂ, ಎಂಬತ್ತು ಜನಕ್ಕೆ ಇನ್ನೊಬ್ಬ ವೈದ್ಯರನ್ನೂ ಕೊಡದಿದ್ದರೆ, ನಿಜವಾಗಿ ಆ ಮದ್ದು ಬೇಕಾದ ತೋಟದ ಕೂಲಿಯ ಮಗುವಿಗೆ ಅದು ಸಿಗದೆ ಹೋದೀತು. ಆ ಸಾವೂ ಸಾವೇ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಬಂದ ಅಂದಾಜಿನಂತೆ 2019ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದ ನೇರವಾಗಿ ಸತ್ತವರು ಲೋಕದಲ್ಲಿ 12.7 ಲಕ್ಷ. ಮದ್ದೇ ದೊರೆಯದೆ ಸತ್ತವರು ಅದರಲ್ಲಿ ಸೇರಿಲ್ಲ.

ತನ್ನ ಕೊಠಡಿಯ ಹೊರಗೆ ಅಂಟಿಸಲು ಎರಡು ಸಾಲು ಬರೆದುಕೊಡಿರೆಂದು ಶಿಷ್ಯೆ ಕೇಳಿದ್ದಳು. ಬರೆಯುವುದು ಸುಲಭವೆಂದು ಒಪ್ಪಿಕೊಂಡೆ. ನಾಲ್ಕು ಸಲ ಹರಿದುಹಾಕಿದೆ. ಮೊದಲನೆಯದರಲ್ಲಿ ಸಂಸ್ಕೃತ ಹೆಚ್ಚಾಯಿತು. ಎರಡನೆಯದು ಗದರಿಸಿದಂತಿತ್ತು. ಮೂರನೆಯದರಲ್ಲಿ 'ನಂಜು' ಎಂದು ಬರೆದೆ. ನಮ್ಮಲ್ಲಿ ಬದನೆಕಾಯಿಯೂ ನಂಜೇ ಆದ್ದರಿಂದ ಜನ ಪಥ್ಯದ ಮಾತೆಂದು ತಿಳಿದಾರೆಂದು ಅವಳು ಬೇಡವೆಂದಳು. (ಶೀರ್ಷಿಕೆಯಲ್ಲಿ ಅದನ್ನು ಉಳಿಸಿಕೊಂಡಿದ್ದೇನೆ, ಅಷ್ಟು ಹಟ ನನಗಿರಲಿ.) ಕೊನೆಗೆ ನಿಂತದ್ದು ಇದು: 'ಜ್ವರ ಬಂದಾಗಲೆಲ್ಲ ಪವರ್ ಮಾತ್ರೆ ಬೇಡ. ಡಾಕ್ಟರು ಕೊಟ್ಟರೆ ಅವರು ಹೇಳಿದಷ್ಟು ದಿನ ನುಂಗಿ, ಇನ್ನೊಬ್ಬರಿಗೆ ಕೊಡಬೇಡಿ. ಇಂದು ದಂಡ ಮಾಡಿದ ಮಾತ್ರೆ ನಾಳೆ ನಿಮ್ಮ ಮಗುವಿಗೆ ನಾಟುವುದಿಲ್ಲ.'

ಕಳೆದ ವಾರ ಒಬ್ಬ ಹೆಂಗಸು, ಕಾಫಿ ಕೊಯ್ಲಿನಿಂದ ನೇರ ಬಂದವಳು, ಅದರ ಮುಂದೆ ನಿಂತು ಬೆರಳಿಟ್ಟು ಓದಿದಳಂತೆ. ಒಳಗೆ ಬಂದು, "ಹಂಗಾದ್ರೆ ಮನೇಲಿ ಉಳಿದಿರೋ ಮಾತ್ರೇನ ಏನ್ ಮಾಡ್ಬೇಕು ಡಾಕ್ಟ್ರಮ್ಮ? ಒಲೆಗೆ ಹಾಕದಾ, ತಿಪ್ಪೆಗೆ ಹಾಕದಾ?" ಎಂದು ಕೇಳಿದಳಂತೆ. ಶಿಷ್ಯೆ ಫೋನಿನಲ್ಲಿ ಇದನ್ನು ಹೇಳುವಾಗ ನನ್ನ ಕಣ್ಣು ಗೋಡೆಗೂಡಿನ ಕಡೆಗೆ ಹೋಯಿತು. ಡಬ್ಬಿ ಇನ್ನೂ ಅಲ್ಲಿಯೇ ಇದೆ. ಮೂರನೆಯ ಸಾಲೊಂದನ್ನು ಬರೆಯಬೇಕಾಗಿದೆ. ತಿಪ್ಪೆಗೆ ಎಸೆಯಿರಿ ಎಂದು ಬರೆಯಲು ಕೈ ಬರುತ್ತಿಲ್ಲ. ತಿಪ್ಪೆಯ ಕೆಳಗೆ ಗದ್ದೆ, ಗದ್ದೆಯ ಕೆಳಗೆ ಹಳ್ಳ. ಉಳಿದ ಮಾತ್ರೆಗಳನ್ನು ವಾಪಸು ತೆಗೆದುಕೊಳ್ಳುವ ಒಂದು ಪೆಟ್ಟಿಗೆಯನ್ನು ಅಲ್ಲಿಯೇ ಇಡಲು ಸಾಧ್ಯವೇ ಎಂದು ಅವಳು ಮೇಲಿನವರಿಗೆ ಬರೆದು ಕೇಳಿದ್ದಾಳೆ. ಉತ್ತರ ಬಂದ ದಿನ ನಾನೇ ಡಬ್ಬಿಯನ್ನು ಹೊತ್ತು ಹೋಗುತ್ತೇನೆ.